ಮಿಡಿ ತಾಳ ತಪ್ಪಿದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ಕಂಪ್ಯೂಟರಿನಲ್ಲಿ ಸಂಗೀತ ಕೂಡಿಸುವವರ ಪತ್ರಗಳು ಈ ಸಲ ಹೆಚ್ಚು. ಬಹುತೇಕ ಎಲ್ಲರದ್ದೂ ಮಿಡಿಯ (ವಾದ್ಯವೂ ಕಂಪ್ಯೂಟರೂ ಸ್ವರದ ಸಂದೇಶ ಕಳಿಸಿಕೊಳ್ಳುವ ಪದ್ಧತಿ) ಲಯದ ದೂರು. ಉತ್ತರಕ್ಕೆ ಮೊದಲು ಒಂದು ಮಾತು. ತಡದಲ್ಲಿ ಎರಡು ಬಗೆ. ಪ್ರತಿ ಸ್ವರವೂ ಒಂದೇ ಅಳತೆಯಲ್ಲಿ ಹಿಂದೆ ಬೀಳುವುದು ಒಂದು, ಅದಕ್ಕೆ ಲೇಟೆನ್ಸಿ ಎನ್ನುತ್ತಾರೆ. ಒಂದು ಸ್ವರ 4 ಮಿಲಿಸೆಕೆಂಡ್, ಮುಂದಿನದು 14, ಅದರ ಮುಂದಿನದು 7 ಹೀಗೆ ಓಲಾಡುವುದು ಇನ್ನೊಂದು, ಅದು ಜಿಟ್ಟರ್. ಎರಡಕ್ಕೂ ಮದ್ದು ಬೇರೆ. ಯಾವುದೆಂದು ಅಳೆದು ನೋಡದೆ ಹಣ ಖರ್ಚು ಮಾಡಬೇಡಿ.

ವಿಂಡೋಸ್ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೀಬೋರ್ಡ್ ಜೋಡಿಸಿದ್ದೇನೆ. ಕೀ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಸ್ವರ ಕೇಳಿಸುತ್ತದೆ. ಕೀಬೋರ್ಡೇ ಬದಲಿಸಿ ಎನ್ನುತ್ತಾರೆ ಅಂಗಡಿಯವರು. ಬದಲಿಸಲೇ? — ಓದುಗರು, ಬಸವನಗುಡಿ

ಬದಲಿಸಬೇಡಿ. ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವುದು ಸದ್ದಲ್ಲ, ಮೂರು ಬೈಟಿನ ಪುಟ್ಟ ಸಂದೇಶ: ಯಾವ ಚಾನಲ್, ಯಾವ ಸ್ವರ, ಎಷ್ಟು ಜೋರು. ಯುಎಸ್‌ಬಿಯಲ್ಲಿ ಅದು ಕೆಲವೇ ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ನಿಮ್ಮನ್ನು ಕಾಡುತ್ತಿರುವ ತಡ ಹೆಚ್ಚಾಗಿ ಸದ್ದು ಹೊರಗೆ ಬರುವ ದಾರಿಯಲ್ಲಿರುತ್ತದೆ.

ಮೊದಲು ಅಳೆಯಿರಿ, ಫೋನ್ ಸಾಕು. ಫೋನನ್ನು ಕೀಗಳ ಪಕ್ಕದಲ್ಲೇ ಇಟ್ಟು ಧ್ವನಿಮುದ್ರಣ ಶುರು ಮಾಡಿ. ಮೊನಚಾಗಿ ಶುರುವಾಗುವ ಸ್ವರ, ಉದಾಹರಣೆಗೆ ಮರದ ತುಂಡು ಬಡಿದಂಥದ್ದು, ಆರಿಸಿ ಒಂದೇ ಕೀಯನ್ನು ಬೆರಳಿನಿಂದ ಗಟ್ಟಿಯಾಗಿ ಹತ್ತು ಸಲ ಕುಟ್ಟಿ. ಆ ಫೈಲನ್ನು ನಿಮ್ಮ ಸಾಫ್ಟ್‌ವೇರಿಗೆ ಎಳೆದುಕೊಂಡು ಹಿಗ್ಗಿಸಿ ನೋಡಿ. ಮೊದಲು ಕೀ ತಳಕ್ಕೆ ಬಡಿದ ಸಣ್ಣ ಗುಬ್ಬು, ಆಮೇಲೆ ಸ್ಪೀಕರಿನಿಂದ ಬಂದ ದೊಡ್ಡ ಅಲೆ. ಎರಡರ ನಡುವಿನ ಅಂತರವೇ ಒಟ್ಟು ತಡ. ಸ್ಪೀಕರ್ ಒಂದು ಮೀಟರ್ ದೂರದಲ್ಲಿದ್ದರೆ ಅದರಲ್ಲಿ ಸುಮಾರು 3 ಮಿಲಿಸೆಕೆಂಡ್ ಗಾಳಿಯದ್ದು, ಕಳೆದುಬಿಡಿ. ಕೀ ತಳ ಮುಟ್ಟುವ ಸ್ವಲ್ಪ ಮೊದಲೇ ಸಂದೇಶ ಹೊರಡುವುದರಿಂದ ಒಂದೆರಡು ಮಿಲಿಸೆಕೆಂಡ್ ಆಚೀಚೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಬಫರ್ ನೋಡಿ. ಕಂಪ್ಯೂಟರ್ ಸದ್ದನ್ನು ಹನಿಹನಿಯಾಗಿ ಕೊಡುವುದಿಲ್ಲ, ಬಿಂದಿಗೆ ತುಂಬಿದ ಮೇಲೇ ಸುರಿಯುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಹನಿ) ಲೆಕ್ಕದಲ್ಲಿ 128 ಸ್ಯಾಂಪಲಿನ ಬಫರ್ ಎಂದರೆ 2.9 ಮಿಲಿಸೆಕೆಂಡ್, 512 ಎಂದರೆ 11.6, 1024 ಎಂದರೆ 23.2. ಉಪಕರಣ ನಡೆಸುವ ತಂತ್ರಾಂಶವಾದ ಡ್ರೈವರಿನೊಳಗಿನ ಇನ್ನಷ್ಟು ಬಫರು, ಡಿಜಿಟಲಿನಿಂದ ಅನಲಾಗಿಗೆ ತಿರುಗಿಸುವ ಹೊತ್ತು ಇದರ ಮೇಲೆ ಸೇರುತ್ತವೆ. ವಿಂಡೋಸಿನ ಮಾಮೂಲಿ ಡ್ರೈವರಿನಲ್ಲೇ ನುಡಿಸುತ್ತಿದ್ದರೆ ತಡ ಗ್ಯಾರಂಟಿ. ಆಡಿಯೊ ಇಂಟರ್‌ಫೇಸ್ (ಸದ್ದನ್ನು ಒಳಗೆ ಹೊರಗೆ ಸಾಗಿಸುವ ಪೆಟ್ಟಿಗೆ) ಇದ್ದರೆ ಅದರ ತಯಾರಕರೇ ಕೊಟ್ಟ ಅಸಿಯೊ (ತಡ ಕಡಿಮೆ ಮಾಡುವ ಬಗೆಯ) ಡ್ರೈವರ್ ಹಾಕಿ. ಇಲ್ಲದಿದ್ದರೆ ಉಚಿತವಾಗಿ ಸಿಗುವ ಅಸಿಯೊ4ಆಲ್ ಹಾಕಿ ನೋಡಿ. ಬಫರನ್ನು 256ಕ್ಕೆ ಇಳಿಸಿ, ಚಟಪಟ ಸದ್ದು ಬರದಿದ್ದರೆ 128ಕ್ಕೆ. ನುಡಿಸಿ ಮುದ್ರಿಸುವಾಗ 128, ಮಿಕ್ಸಿಂಗಿಗೆ ಕೂತಾಗ 1024 ಎಂದು ಅಭ್ಯಾಸ ಮಾಡಿಕೊಳ್ಳಿ.

ಅಷ್ಟಾದರೂ ತಡವಿದ್ದರೆ ಮೂರು ಕಡೆ ಕಣ್ಣಾಡಿಸಿ. ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದೀರಾ? ಅದೊಂದೇ 100 ಮಿಲಿಸೆಕೆಂಡಿಗೂ ಮೀರಿ ತಿನ್ನಬಲ್ಲದು, ತಂತಿಯದ್ದು ಹಾಕಿ. ಮಾಸ್ಟರ್ ಚಾನಲಿನಲ್ಲಿ ಲಿಮಿಟರ್ ಅಥವಾ ಲೀನಿಯರ್ ಫೇಸ್ ಈಕ್ಯು ಇದೆಯೇ? ಅವು ಮುಂದಿನ ಸದ್ದನ್ನು ಮೊದಲೇ ನೋಡಿಕೊಂಡು ಕೆಲಸ ಮಾಡುವಂಥವು, ಅಷ್ಟು ಹೊತ್ತು ಎಲ್ಲವನ್ನೂ ತಡೆದು ನಿಲ್ಲಿಸುತ್ತವೆ. ಮುದ್ರಣದ ಹೊತ್ತಿಗೆ ತೆಗೆದುಬಿಡಿ. ಕೊನೆಯದಾಗಿ, ವಿಂಡೋಸಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂತ್‌ನಲ್ಲಿ ನುಡಿಸುತ್ತಿದ್ದರೆ ಕೈಬಿಡಿ. ಅದು ಕೈಯಲ್ಲಿ ನುಡಿಸುವುದಕ್ಕೆ ಲಾಯಕ್ಕಲ್ಲ.

ನುಡಿಸುವಾಗ ಸರಿಯಾಗೇ ಕೇಳುತ್ತದೆ. ಮುದ್ರಿಸಿದ ಮೇಲೆ ನೋಡಿದರೆ ಸ್ವರಗಳೆಲ್ಲ ತಾಳದ ಗೆರೆಗಿಂತ ಮುಂಚೆ ಬಿದ್ದಿರುತ್ತವೆ. — ಓದುಗರು, ವಿಜಯನಗರ

ಎರಡು ಕಾರಣ ಇರಬಹುದು. ಮೊದಲನೆಯದು ನಿಮ್ಮ ಕೈಯದು. ಸದ್ದು ತಡವಾಗಿ ಕೇಳಿಸುವಾಗ ಲಯ ಬಲ್ಲ ಕೈ ತಾನಾಗಿಯೇ ಮುಂಚೆ ಒತ್ತಿ ಸರಿದೂಗಿಸುತ್ತದೆ. ಕೇಳುವುದಕ್ಕೆ ಸರಿ, ಆದರೆ ಸಾಫ್ಟ್‌ವೇರ್ ಬರೆದುಕೊಳ್ಳುವುದು ಕೀ ಒತ್ತಿದ ಗಳಿಗೆಯನ್ನು. ಮೇಲೆ ಹೇಳಿದಂತೆ ಬಫರ್ ಇಳಿಸಿ ಮತ್ತೆ ನುಡಿಸಿ. ಮುಂಚೆ ಬೀಳುವುದು ಕಡಿಮೆಯಾದರೆ ಕಾರಣ ಇದೇ.

ಕಡಿಮೆಯಾಗದಿದ್ದರೆ ಟೈಮ್‌ಸ್ಟ್ಯಾಂಪ್ ನೋಡಿ. ಬರುವ ಪ್ರತಿ ಸ್ವರಕ್ಕೂ ಡ್ರೈವರ್ ಒಂದು ಗಳಿಗೆ ಬರೆದು ಕೊಡುತ್ತದೆ. ಕಂಪ್ಯೂಟರಿನಲ್ಲಿ ಗಡಿಯಾರ ಒಂದೇ ಅಲ್ಲ. ಡ್ರೈವರ್ ನೋಡುವುದೊಂದು, ಸಾಫ್ಟ್‌ವೇರ್ ನಂಬುವುದು ಇನ್ನೊಂದು ಆದಾಗ ಸ್ವರಗಳು ಹಿಂದೆಮುಂದೆ ಸರಿಯುತ್ತವೆ. ಕ್ಯೂಬೇಸ್ ಎಂಬ ಸಂಗೀತದ ಸಾಫ್ಟ್‌ವೇರಿನಲ್ಲಿ ಸ್ಟುಡಿಯೊ ಸೆಟಪ್, ಅಲ್ಲಿ ಮಿಡಿ ಪೋರ್ಟ್ ಸೆಟಪ್ ತೆರೆದರೆ 'ಯೂಸ್ ಸಿಸ್ಟಮ್ ಟೈಮ್‌ಸ್ಟ್ಯಾಂಪ್' ಎಂಬ ಆಯ್ಕೆ ಇದೆ. ಈಗ ಗುರುತು ಇಲ್ಲದಿದ್ದರೆ ಹಾಕಿ, ಇದ್ದರೆ ತೆಗೆದು, ಮತ್ತೆ ಮುದ್ರಿಸಿ ಹೋಲಿಸಿ. ಅದೇ ಪಟ್ಟಿಯಲ್ಲಿ ಒಂದೇ ಕೀಬೋರ್ಡ್ ಎರಡು ಹೆಸರಿನಲ್ಲಿ ಕಾಣುತ್ತಿದ್ದರೆ ಒಂದನ್ನು ಮಾತ್ರ ಉಳಿಸಿಕೊಳ್ಳಿ.

ಸ್ವರಗಳು ಗೆರೆಯ ಮೇಲೇ ಇದ್ದೂ ಪಿಟೀಲಿನ ಸದ್ದು ಮಾತ್ರ ಹಿಂದೆ ಬಿದ್ದಂತೆ ಕೇಳುತ್ತದೆ ಎಂದು ಇದೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅಲ್ಲಿ ಮಿಡಿಯದ್ದೇನೂ ತಪ್ಪಿಲ್ಲ. ಕಮಾನು ತಂತಿಗೆ ಹತ್ತಿ ಸ್ವರ ತುಂಬಲು ಹೊತ್ತು ಬೇಕು, ಅದನ್ನೇ ಮುದ್ರಿಸಿಟ್ಟ ಸ್ಯಾಂಪಲಿನಲ್ಲೂ ಅದು ಹಾಗೇ ಇದೆ. ಆ ಟ್ರ್ಯಾಕಿಗೆ ಮಾತ್ರ ಮೈನಸ್ ಟ್ರ್ಯಾಕ್ ಡಿಲೇ (ಅಷ್ಟು ಮುಂಚೆಯೇ ನುಡಿಸುವ ಆಯ್ಕೆ) ಕೊಡಿ. ಮೈನಸ್ 30ರಿಂದ ಶುರು ಮಾಡಿ ಕಿವಿಗೆ ಕೂರುವವರೆಗೆ ಹತ್ತತ್ತು ಮಿಲಿಸೆಕೆಂಡ್ ಸರಿಸುತ್ತ ಹೋಗಿ.

ಹಳೆಯ ಐದು ಪಿನ್ನಿನ ಮಿಡಿ ಕೇಬಲಿನ ಸೌಂಡ್ ಮಾಡ್ಯೂಲಿನಿಂದ (ಸಂದೇಶ ಪಡೆದು ಸದ್ದು ಮಾಡುವ ಪೆಟ್ಟಿಗೆ) ವೀಣೆ, ಡ್ರಮ್ಸ್ ಎರಡನ್ನೂ ನುಡಿಸುತ್ತೇನೆ. ಡ್ರಮ್ಸ್ ಒಂದೊಂದು ಕಡೆ ಎಡವುತ್ತದೆ, ಬೇರೆ ಕಡೆ ಚೆನ್ನಾಗಿದೆ. — ಓದುಗರು, ರಾಜಾಜಿನಗರ

ಎಡವುವ ಜಾಗದಲ್ಲಿ ವೀಣೆ ಗಮಕ ಮಾಡುತ್ತಿದೆಯೇ ಎಂದು ನೋಡಿ. ವೀಣೆಯ ಟ್ರ್ಯಾಕನ್ನು ಮ್ಯೂಟ್ ಮಾಡಿ. ಡ್ರಮ್ಸ್ ನೆಟ್ಟಗಾದರೆ ರೋಗ ಸಿಕ್ಕಿತು.

1983ರಲ್ಲಿ ಗೊತ್ತುಮಾಡಿದ ಮಿಡಿ ಕೇಬಲಿನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟಿಗೆ ಹತ್ತು ಬಿಟ್ ಖರ್ಚು, ಅಂದರೆ ಮೂರು ಬೈಟಿನ ಸಂದೇಶಕ್ಕೆ 0.96 ಮಿಲಿಸೆಕೆಂಡ್. ಎಲ್ಲವೂ ಒಂದರ ಹಿಂದೊಂದು ಸಾಲಾಗಿಯೇ ಹೋಗಬೇಕು. ಕಂಪಿತಕ್ಕೆ ಪಿಚ್ ವೀಲನ್ನು (ಸ್ವರ ಜಾರಿಸುವ ಚಕ್ರ) ಅಲ್ಲಾಡಿಸಿದಾಗ ಹೊರಡುವುದು ಇಂಥ ಸಂದೇಶಗಳ ಹಿಂಡು. ಅದೇ ಗಳಿಗೆಗೆ ಹನ್ನೆರಡು ಸಂದೇಶ ಸಾಲಿನಲ್ಲಿದ್ದರೆ ಅವುಗಳ ಹಿಂದೆ ನಿಂತ ಡ್ರಮ್ ಪೆಟ್ಟು ಸುಮಾರು 11.5 ಮಿಲಿಸೆಕೆಂಡ್ ತಡ. ಮುಂದಿನ ಪೆಟ್ಟಿಗೆ ಸಾಲು ಖಾಲಿ, ಅದು ಸರಿಯಾಗಿ ಬೀಳುತ್ತದೆ. ಎಡವಿದಂತೆ ಕೇಳುವುದು ಹೀಗೆ.

ಮೊದಲು ಆಫ್ಟರ್‌ಟಚ್ ಫಿಲ್ಟರ್ ಮಾಡಿ. ಕೀಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಆ ಒತ್ತಡದ ಸಂದೇಶ ಸುರಿಯುತ್ತಲೇ ಇರುತ್ತದೆ, ನಿಮ್ಮ ವೀಣೆಯ ಸ್ವರ ಅದನ್ನು ಬಳಸದೆಯೂ ಇರಬಹುದು. ಆಮೇಲೆ ಪಿಚ್ ಬೆಂಡಿನ (ಪಿಚ್ ವೀಲ್ ಕಳಿಸಿದ ಸಂದೇಶಗಳ) ಬಿಂದುಗಳನ್ನು ತೆಳುಮಾಡಿ, 5 ಮಿಲಿಸೆಕೆಂಡಿಗೊಂದು ಉಳಿದರೆ ಸಾಮಾನ್ಯವಾಗಿ ಸಾಕು. ತೀರಾ ತೆಳುವಾದರೆ ಜಾರು ಮೆಟ್ಟಿಲಾಗುತ್ತದೆ, ಕಿವಿಗೊಟ್ಟು ನಿಲ್ಲಿಸಿ. ಗಮಕ ಕೆಡಿಸಿಕೊಂಡು ಡ್ರಮ್ಸ್ ಉಳಿಸುವುದು ಬೇಡ. ಅದಕ್ಕಿಂತ ಒಳ್ಳೆಯ ದಾರಿ, ಡ್ರಮ್ಸನ್ನು ಬೇರೆ ಪೋರ್ಟಿನಲ್ಲಿ ಬೇರೆ ಮಾಡ್ಯೂಲಿಗೆ ಕೊಡುವುದು. ಇರುವುದು ಒಂದೇ ಮಾಡ್ಯೂಲಾದರೆ ಡ್ರಮ್ಸ್ ಮಾತ್ರ ಹಾಕಿ ಆಡಿಯೊ ಆಗಿ ಮುದ್ರಿಸಿ, ಆಮೇಲೆ ವೀಣೆ.

ಎಸ್.ಪಿ. ರಸ್ತೆಯಲ್ಲಿ ಸಿಗುವ ಹೆಸರಿಲ್ಲದ ಯುಎಸ್‌ಬಿ ಮಿಡಿ ಕೇಬಲುಗಳ ಬಗ್ಗೆಯೂ ಕೇಳಿದ್ದೀರಿ. ಬಿಡಿ ಸ್ವರಗಳಿಗೆ ನಡೆಯುತ್ತವೆ. ಇಂಥ ದಟ್ಟ ಸಂದೇಶ ಬಂದಾಗ ಕೆಲವು ನುಂಗಿಹಾಕುತ್ತವೆ, ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ. ಗಮಕದ ಕೆಲಸಕ್ಕೆ ಬೇಡ.

ಆದಿತಾಳದಲ್ಲಿ ಖಂಡನಡೆ (ಅಕ್ಷರಕ್ಕೆ ಐದು ಮಾತ್ರೆ) ನುಡಿಸಿ ಕ್ವಾಂಟೈಸ್ (ಸ್ವರಗಳನ್ನು ಹತ್ತಿರದ ಗೆರೆಗೆ ಎಳೆಯುವುದು) ಮಾಡಿದರೆ ಪೂರಾ ಕೆಟ್ಟುಹೋಗುತ್ತದೆ. ಡ್ರಮ್ ಮೆಷೀನೂ ಜೊತೆಗೆ ಓಡುವುದಿಲ್ಲ. — ಓದುಗರು, ಮಲ್ಲೇಶ್ವರ

ಈ ಪ್ರಶ್ನೆ ನಮಗೆ ತುಂಬ ಮುಖ್ಯ. ಸಾಫ್ಟ್‌ವೇರಿನ ಗೆರೆಗಳು ಹುಟ್ಟಿರುವುದು ನಾಲ್ಕರ ಲೆಕ್ಕದಲ್ಲಿ, ನಮ್ಮ ನಡೆಗಳು ಅಷ್ಟಕ್ಕೇ ನಿಲ್ಲುವುದಿಲ್ಲ.

ನಿಮಿಷಕ್ಕೆ 60 ಅಕ್ಷರ ಎಂದುಕೊಳ್ಳಿ, ಒಂದು ಅಕ್ಷರಕ್ಕೆ 1000 ಮಿಲಿಸೆಕೆಂಡ್. ತ ದಿ ಗಿ ಣ ತೊಂ ಬೀಳಬೇಕಾದ್ದು 0, 200, 400, 600, 800ರಲ್ಲಿ. ಹದಿನಾರರ (ಬೀಟಿಗೆ ನಾಲ್ಕು) ಗೆರೆಗಳು ಇರುವುದು 0, 250, 500, 750ರಲ್ಲಿ. ಕ್ವಾಂಟೈಸ್ ಒತ್ತಿದ ತಕ್ಷಣ 'ದಿ' 250ಕ್ಕೆ ಹೋಗುತ್ತದೆ, 'ತೊಂ' 750ಕ್ಕೆ. 'ಗಿ', 'ಣ' ಎರಡೂ ಹೋಗಿ 500ರ ಮೇಲೆ ಒಂದರ ಮೇಲೊಂದು ಕೂರುತ್ತವೆ. ಐದು ಸೊಲ್ಲು ನಾಲ್ಕಾಯಿತು.

ಡ್ರಮ್ ಮೆಷೀನಿನದೂ ಇದೇ ಕತೆ. ಅದನ್ನು ಜೊತೆಗೆ ಓಡಿಸುವ ಮಿಡಿ ಕ್ಲಾಕ್ ಒಂದು ಬೀಟಿಗೆ 24 ಮಿಡಿತ ಕಳಿಸುತ್ತದೆ. 24ನ್ನು ತಿಶ್ರಕ್ಕೂ (ಮೂರು) ಚತುರಶ್ರಕ್ಕೂ (ನಾಲ್ಕು) ಸಮನಾಗಿ ಹಂಚಬಹುದು. ಐದಕ್ಕೆ ಹಂಚಿದರೆ 4.8, ಏಳಕ್ಕೂ ಪೂರ್ಣವಾಗಿ ಹೋಗುವುದಿಲ್ಲ.

ಎರಡಕ್ಕೂ ಒಂದೇ ಉಪಾಯವಿದೆ. ಅಕ್ಷರವನ್ನು ಬೀಟ್ ಎನ್ನಬೇಡಿ, ಮಾತ್ರೆಯನ್ನು ಹದಿನಾರನೇ ಸ್ವರ ಎನ್ನಿ. ನಿಮಿಷಕ್ಕೆ 60 ಅಕ್ಷರ, ಐದೈದು ಮಾತ್ರೆ, ಒಟ್ಟು 300. ಬೀಟಿಗೆ ನಾಲ್ಕು ಹದಿನಾರನೇ ಸ್ವರ, ಆದ್ದರಿಂದ ಟೆಂಪೊ 75. ಆದಿತಾಳದ ಒಂದು ಆವರ್ತಕ್ಕೆ 40 ಮಾತ್ರೆ, ಅಂದರೆ 10 ಬೀಟ್, 5/4ರ ಎರಡು ಬಾರ್. ಈಗ ಮಾಮೂಲಿ ಹದಿನಾರರ ಕ್ವಾಂಟೈಸ್ ಪ್ರತಿ ಸೊಲ್ಲನ್ನೂ ಅದರ ಜಾಗದಲ್ಲೇ ಕೂರಿಸುತ್ತದೆ. ಡ್ರಮ್ ಮೆಷೀನಿಗೂ ಒಂದು ಮಾತ್ರೆಗೆ ಸರಿಯಾಗಿ 6 ಮಿಡಿತ ಸಿಗುತ್ತದೆ. ಅಕ್ಷರಕ್ಕೆ ಏಳು ಮಾತ್ರೆಯ ಮಿಶ್ರನಡೆಗೆ ಇದೇ ಲೆಕ್ಕ: ಟೆಂಪೊ 105, 7/4ರ ಎರಡು ಬಾರ್, 56 ಮಾತ್ರೆ.

ಒಂದು ತೊಡಕಿದೆ. ಸಾಫ್ಟ್‌ವೇರಿನ ಕ್ಲಿಕ್ ಈಗ ನಾಲ್ಕು ಮಾತ್ರೆಗೊಮ್ಮೆ ಬಡಿಯುತ್ತದೆ, ನಿಮ್ಮ ಕೈಯ ತಾಳಕ್ಕೆ ಅದು ಅಡ್ಡ. ಅದನ್ನು ನಿಲ್ಲಿಸಿ, ನೀವೇ ಒಂದು ಮಿಡಿ ಟ್ರ್ಯಾಕ್ ಮಾಡಿ ಐದು ಮಾತ್ರೆಗೊಂದು ಮರದ ಸದ್ದು ಇಡಿ. ಸಮಕ್ಕೆ ಬೇರೆ ಸದ್ದು ಕೊಟ್ಟರೆ ಎಡುಪು (ಹಾಡು ಶುರುವಾಗುವ ಜಾಗ) ಹಿಡಿಯುವುದು ಸುಲಭ.

ಕ್ವಾಂಟೈಸನ್ನೂ ನೂರಕ್ಕೆ ನೂರು ಹಾಕಬೇಡಿ. 60ರಿಂದ 70 ಸಾಕು, ಮೃದಂಗದ ಕೈ ಉಳಿಯಬೇಕು. ಗುಮ್ಕಿಯಂಥ ಜಾರುವ ಪೆಟ್ಟುಗಳನ್ನು ಕ್ವಾಂಟೈಸಿಗೆ ಸೇರಿಸಲೇಬೇಡಿ.

ಕೀಬೋರ್ಡಿನದೇ ಸದ್ದು ಬಳಸಿ ಮುದ್ರಿಸುವಾಗ ಪ್ರತಿ ಸ್ವರವೂ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿ ಕೇಳುತ್ತದೆ. — ಓದುಗರು, ಬನಶಂಕರಿ

ಒಂದೇ ಸ್ವರ ಎರಡು ಸಲ ನುಡಿಯುತ್ತಿದೆ, ಒಮ್ಮೆ ಕೀಯಿಂದ ನೇರವಾಗಿ, ಇನ್ನೊಮ್ಮೆ ಕಂಪ್ಯೂಟರ್ ಸುತ್ತಿ ವಾಪಸು ಬಂದು. ಕೀಬೋರ್ಡಿನ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ (ಕೀಯಿಂದ ನೇರವಾಗಿ ನುಡಿಸುವ ದಾರಿ) ಆಫ್ ಮಾಡಿ. ಮೆನುವಿನಲ್ಲಿ ಇಲ್ಲದಿದ್ದರೆ ಕಂಟ್ರೋಲ್ ಚೇಂಜ್ 122, ಬೆಲೆ 0 ಎಂದು ಸಾಫ್ಟ್‌ವೇರಿನಿಂದ ಕಳಿಸಿ. ಕಂಪ್ಯೂಟರ್ ಇಲ್ಲದೆ ನುಡಿಸುವ ಮೊದಲು ಅದನ್ನೇ 127 ಎಂದು ಕಳಿಸಿ ಮತ್ತೆ ಆನ್ ಮಾಡಿಕೊಳ್ಳಿ, ಇಲ್ಲವಾದರೆ ಕೀಬೋರ್ಡ್ ಮೂಕ.

ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗಲೆಲ್ಲ ಚಟಪಟ ಸದ್ದು, ಸ್ವರ ತಡ. ಸುಮ್ಮನೆ ಬಿಟ್ಟು ಮತ್ತೆ ನುಡಿಸಿದರೆ ಮೊದಲ ಸ್ವರವೇ ಬರುವುದಿಲ್ಲ. — ಓದುಗರು, ಹೆಬ್ಬಾಳ

ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ. ಪವರ್ ಮೋಡನ್ನು ಬ್ಯಾಟರಿಗೂ ಸೇರಿಸಿ 'ಬೆಸ್ಟ್ ಪರ್ಫಾರ್ಮೆನ್ಸ್' ಮಾಡಿ. ಮೊದಲ ಸ್ವರ ನುಂಗುವುದಕ್ಕೆ ಯುಎಸ್‌ಬಿ ಪೋರ್ಟ್ ನಿದ್ದೆ ಹೋಗುವುದು ಕಾರಣವಿರಬೇಕು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಎಂದು ಹೋದರೆ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಸಿಗುತ್ತದೆ. ಬ್ಯಾಟರಿ, ಪ್ಲಗ್ ಎರಡು ಸಾಲಿನಲ್ಲೂ ಡಿಸೇಬಲ್ಡ್ ಮಾಡಿ. ಕೀಬೋರ್ಡು, ಇಂಟರ್‌ಫೇಸು ಎರಡೂ ಒಂದೇ ಹಬ್ಬಿಗೆ ಸಿಕ್ಕಿಸಿದ್ದರೆ ಇಂಟರ್‌ಫೇಸನ್ನು ಲ್ಯಾಪ್‌ಟಾಪಿಗೇ ನೇರವಾಗಿ ಹಾಕಿ. ಕರೆಂಟ್ ಇದ್ದಾಗಲೂ ಚಟಪಟ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ಅಡ್ಡ ನಿಂತಿದೆ ಎಂದು ಅದು ಹೆಸರಿಟ್ಟು ತೋರಿಸುತ್ತದೆ. ವೈಫೈ ಡ್ರೈವರಿನ ಹೆಸರು ಬಂದರೆ ಮುದ್ರಣ ಮುಗಿಯುವವರೆಗೆ ವೈಫೈ ಆರಿಸಿಡಿ.