ರೋಬೋಟ್ ಬಂದರೆ ಮೆಟಬಾಲಿಕ್ ಸ್ಟೆಬಿಲಿಟಿ ಪರೀಕ್ಷೆಯಲ್ಲಿ ಕೈತಪ್ಪು ನಿಲ್ಲುತ್ತಾ? ಯಾವುದನ್ನು ಕೊಳ್ಳಲಿ?

ಯಾವುದನ್ನು ಕೊಳ್ಳೋದು ಅನ್ನೋದನ್ನು ಸದ್ಯ ಬಿಡಿ. ಕೈತಪ್ಪು ನಿಲ್ಲುತ್ತೆ ಅಂತ ನಾನೂ ನಂಬಿದ್ದೆ. ಆ ನಂಬಿಕೆಗೆ ನಾಲ್ಕು ತಿಂಗಳ ಕೆಲಸ ಹೋಯಿತು.

ಮೆಟಬಾಲಿಕ್ ಸ್ಟೆಬಿಲಿಟಿ ಅಂದರೆ ದೇಹ ಒಡೆದು ಹಾಕುವ ಮುಂಚೆ ಔಷಧ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದು. ನಮ್ಮದು ಲಿವರ್ ಕೋಶಗಳ, ಅಂದರೆ ಹೆಪಟೊಸೈಟ್ ಪರೀಕ್ಷೆ. 37 ಡಿಗ್ರಿಯಲ್ಲಿ ಕೋಶಗಳಿಗೆ 1 ಮೈಕ್ರೋಮೋಲಾರ್ ಔಷಧ ಬೆರೆಸೋದು. ಗೊತ್ತು ಮಾಡಿದ ನಿಮಿಷಗಳಲ್ಲಿ ಸ್ವಲ್ಪ ತೆಗೆದು, ತಣ್ಣನೆಯ ಅಸಿಟೋನೈಟ್ರೈಲ್‌ಗೆ ಹಾಕಿ ಕ್ರಿಯೆ ನಿಲ್ಲಿಸೋದು. ಎಷ್ಟು ಔಷಧ ಉಳಿಯಿತು ಅಂತ ಮಾಸ್ ಸ್ಪೆಕ್ ಅನ್ನೋ ಯಂತ್ರದಲ್ಲಿ ಅಳೆದು ಹಾಫ್ ಲೈಫ್, ಅಂದರೆ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ತೆಗೆಯೋದು. ದ್ರವ ಹೀರಿ ಹಾಕುವ ರೋಬೋಟ್ ಬಂದ ಮೇಲೆ 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟ್‌ಗಳು ಒಂದರ ಹಿಂದೆ ಒಂದು ಮುಗಿಯತೊಡಗಿದವು. ತುಂಬಾ ಖುಷಿಯಾಗಿತ್ತು.

ತಪ್ಪು ನಡೆದದ್ದು ಕೋಶಗಳನ್ನು ಸುರಿದಿಡುವ ತೊಟ್ಟಿಯಲ್ಲಿ. ಕೋಶಗಳು ದ್ರವದಲ್ಲಿ ಕರಗುವುದಿಲ್ಲ, ತೇಲುತ್ತಿರುತ್ತವೆ ಅಷ್ಟೆ. ಸುಮ್ನೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಕದಡಿದ ನೀರಿನ ಮಣ್ಣಿನ ಹಾಗೆ ತಳ ಸೇರುತ್ತವೆ. ರೋಬೋಟ್ ದ್ರವ ಹೀರುವ ಎಂಟು ಟಿಪ್‌ಗಳಲ್ಲಿ ಒಂದೊಂದೇ ಕಾಲಂ, ಅಂದರೆ ಎಂಟು ವೆಲ್‌ಗಳ ಸಾಲು, ತುಂಬುತ್ತಿತ್ತು. ಟಿಪ್ ತಳಕ್ಕೆ ತಾಗದಿರಲಿ ಅಂತ ಸ್ವಲ್ಪ ಮೇಲಕ್ಕೆ ಹೊಂದಿಸಿದವನು ನಾನೇ. ಹೀಗಾಗಿ ಒಂದನೇ ಕಾಲಂಗೆ ಸರಿಯಾದಷ್ಟು ಕೋಶ ಸಿಗುತ್ತಿತ್ತು, ಹನ್ನೆರಡನೆಯದಕ್ಕೆ ಬರೀ ತೆಳು ದ್ರವ. ಔಷಧ ಒಡೆಯುವುದು ಕೋಶಗಳೇ, ಹಾಗಾಗಿ ಕೋಶ ಮೂರನೇ ಒಂದು ಪಾಲಾದರೆ ಹಾಫ್ ಲೈಫ್ ಮೂರು ಪಟ್ಟು ಕಾಣುತ್ತೆ.

ಗೊತ್ತಾಗಲಿಲ್ಲ ಯಾಕೆ? ಕಂಟ್ರೋಲ್ ಆಗಿ, ಅಂದರೆ ಅಂಕಿ ಮೊದಲೇ ಗೊತ್ತಿದ್ದು ಹೋಲಿಸಲು, ಇಡುವ ವೆರಪಮಿಲ್ ಅನ್ನೋ ಔಷಧ ಯಾವಾಗಲೂ ಒಂದನೇ ಕಾಲಂನಲ್ಲೇ ಇತ್ತು. ಪ್ರತಿ ದಿನ ಅದರ ಅಂಕಿ ಸರಿ ಬರುತ್ತಿತ್ತು. ಅದನ್ನು ನೋಡಿ ಇಡೀ ಪ್ಲೇಟ್‌ಗೆ ಸಹಿ ಹಾಕುತ್ತಿದ್ದೆ. ಹನ್ನೊಂದನೇ ಕಾಲಂನ ಒಂದು ಸಂಯುಕ್ತಕ್ಕೆ ಹಾಫ್ ಲೈಫ್ 90 ನಿಮಿಷ ಬಂತು. ಕೆಮಿಸ್ಟ್‌ಗಳು ಅದನ್ನೇ ಹಿಡಿದು ಅದರ ಹತ್ತಾರು ರೂಪಗಳನ್ನು ಮಾಡಿದರು. ಮತ್ತೆ ಅಳೆದಾಗ ಮೂಲ ಸಂಯುಕ್ತಕ್ಕೆ ಬಂದದ್ದು 30 ನಿಮಿಷ. ಅವರಿಗೆ ಅದನ್ನು ಹೇಳಿದ ದಿನ ನನಗೆ ಇನ್ನೂ ನೆನಪಿದೆ.

ಕೊನೆಗೆ ಹನ್ನೆರಡೂ ಕಾಲಂಗೆ ವೆರಪಮಿಲ್ ಒಂದನ್ನೇ ಹಾಕಿ ಓಡಿಸಿದೆವು. ಎಡದಿಂದ ಬಲಕ್ಕೆ ಹಾಫ್ ಲೈಫ್ ಮೆಟ್ಟಿಲಿನ ಹಾಗೆ ಏರುತ್ತಾ ಹೋಗಿತ್ತು.

ಕೈಯಲ್ಲಿ ಮಾಡುವಾಗ ಇದು ಯಾಕೆ ಆಗಲಿಲ್ಲ ಅಂತ ಯೋಚಿಸಿ. ಪ್ರತಿ ಸಲ ಪಿಪೆಟ್ ಅದ್ದುವ ಮುಂಚೆ ನಾವು ಟ್ಯೂಬನ್ನು ಒಮ್ಮೆ ಅಲ್ಲಾಡಿಸುತ್ತಿದ್ದೆವು. ಅದು ಅಭ್ಯಾಸ, ಪ್ರೋಟೋಕಾಲ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯದ್ದನ್ನು ರೋಬೋಟ್ ಮಾಡುವುದಿಲ್ಲ, ಅಲ್ವಾ?

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತೆ. ರೋಬೋಟ್ ತಪ್ಪನ್ನು ತೆಗೆಯಲ್ಲ, ಎಲ್ಲ ಪ್ಲೇಟ್‌ಗೂ ಒಂದೇ ಥರ ಹಂಚುತ್ತೆ. ಮೊದಲು ನಿಮ್ಮಲ್ಲಿ ಚೆನ್ನಾಗಿ ಕೈ ಪಳಗಿದವರ ಪಕ್ಕ ನಿಂತು, ಅವರು ಮಾಡುವ ಪ್ರತಿ ಚಲನೆಯನ್ನೂ ಬರೆದುಕೊಳ್ಳಿ. ಕಂಟ್ರೋಲನ್ನು ಪ್ಲೇಟಿನ ಎರಡೂ ತುದಿಯಲ್ಲಿ ಇಡಿ. ಹೀರುವ ಮುಂಚೆ ಪ್ರತಿ ಸಲ ಮೆಲ್ಲಗೆ ಕಲಕಿಸಿ. ಜೋರಾದರೆ ಕೋಶ ಒಡೆಯುತ್ತೆ, ಅಗಲ ಬಾಯಿಯ ಟಿಪ್ ಒಳ್ಳೆಯದು. ಔಷಧ ಹಾಕಿದ ಕ್ರಮದಲ್ಲೇ, ಅಷ್ಟೇ ಅಂತರದಲ್ಲಿ ಕ್ರಿಯೆ ನಿಲ್ಲಿಸಬೇಕು ಅನ್ನೋದನ್ನೂ ಮರೆಯಬೇಡಿ.

ಮಾರುವವರು ಡೆಮೊಗೆ ಬಂದಾಗ ಬಣ್ಣದ ನೀರಿನಲ್ಲಿ ತೋರಿಸಲು ಬಿಡಬೇಡಿ. ನಿಮ್ಮದೇ ಕೋಶ ಕೊಟ್ಟು, ಹನ್ನೆರಡು ಕಾಲಂಗೂ ಒಂದೇ ಔಷಧ ಹಾಕಿಸಿ ನೋಡಿ.