ಗೋಡೆ ಮೇಲಿನ ಜಿಗಿಯುವ ಜೇಡಕ್ಕೆ ಬಣ್ಣ ಕಾಣುತ್ತದೆಯೇ? ಗಂಡಿಗೆ ಮಾತ್ರ ಯಾಕಷ್ಟು ಸಿಂಗಾರ?

ಕಾಣುತ್ತದೆ, ಆದರೆ ನಮಗೆ ಕಂಡಂತೆ ಅಲ್ಲ. ಎಂಟು ಕಣ್ಣುಗಳಲ್ಲಿ ಬಣ್ಣ ಗುರುತಿಸುವ ಕೆಲಸ ಮುಂದಿನ ಎರಡು ದೊಡ್ಡ ಕಣ್ಣುಗಳದ್ದು; ಉಳಿದವು ಮುಖ್ಯವಾಗಿ ಚಲನೆ ಹಿಡಿಯುತ್ತವೆ. ದೊಡ್ಡ ಕಣ್ಣಿನ ಅಕ್ಷಿಪಟಲದಲ್ಲಿ ಒಂದರ ಹಿಂದೊಂದು 4 ಪದರ. ಬಹುತೇಕ ಜಾತಿಗಳಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡೇ ಬಗೆ: ಅತಿನೇರಳೆಗೆ ಒಂದು, ಹಸಿರಿಗೆ ಒಂದು. ಹೀಗಾಗಿ ಕೆಂಪನ್ನು ಬೇರೆಯಾಗಿ ಗುರುತಿಸುವುದು ಕಷ್ಟ. ಅಮೆರಿಕದ ಹ್ಯಾಬ್ರೊನಾಟಸ್ ಪಿರಿಥ್ರಿಕ್ಸ್ ಎಂಬ ಜಿಗಿಯುವ ಜೇಡ ಇದಕ್ಕೆ ಜಾಣ ದಾರಿ ಕಂಡುಕೊಂಡಿದೆ: ಕೆಲವು ಹಸಿರು ಕೋಶಗಳ ಮುಂದೆ ಕೆಂಪು ವರ್ಣಕದ ಪರದೆ. ಗಂಡಿನ ಕೆಂಪು ಮುಖ ಹೆಣ್ಣಿಗೆ ಬೇರೆಯಾಗಿ ಕಾಣಲು ಇದೇ ಆಧಾರ. ಪರದೆ ಬೆಳಕನ್ನೂ ನುಂಗುವುದರಿಂದ ಒಳ್ಳೆಯ ಬಿಸಿಲು ಬೇಕು.

ವಿಜಯಪುರ, ಬಾಗಲಕೋಟೆ ಕಡೆ ಮನೆಗೋಡೆಗಳಲ್ಲಿ ಹುಡುಕಬೇಕಾದದ್ದು ಪ್ಲೆಕ್ಸಿಪಸ್ ಪೇಕುಲ್ಲಿ ಎಂಬ ಜಾತಿ. ಗಂಡಿಗೆ ಕಪ್ಪು ಮೈಮೇಲೆ ಬಿಳಿ ಪಟ್ಟೆ, ಹೆಣ್ಣು ಮಾಸಲು ಕಂದು. ಇಲ್ಲಿ ಬಣ್ಣಕ್ಕಿಂತ ಕಪ್ಪು-ಬಿಳುಪಿನ ಅಂತರವೇ ಎದ್ದು ಕಾಣುವಂಥದ್ದು. ಗಂಡಿನ ಮುಂದೆ ಚಿಕ್ಕ ಕನ್ನಡಿ ಹಿಡಿದರೆ ತನ್ನ ಪ್ರತಿಬಿಂಬಕ್ಕೇ ಮುಂಗಾಲೆತ್ತುವುದುಂಟು.

ಡಬ್ಬಿಯಲ್ಲಿಟ್ಟು ಟ್ಯೂಬ್‌ಲೈಟಿನ ಕೆಳಗೆ ಪ್ರಣಯ ನೋಡಲು ಹೋಗುವವರು ಎಡವುವುದು ಬೆಳಕಿನಲ್ಲಿ. ಮನೆಯ ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ. ಕಿಟಕಿ ಗಾಜು ಅತಿನೇರಳೆಯ ಒಂದು ಭಾಗವಾದ ಯುವಿ-ಬಿಯನ್ನು ತಡೆಯುತ್ತದೆ. ಫಿಂಟೆಲ್ಲ ವಿಟ್ಟಾಟಾದಂಥ ಜಾತಿಯಲ್ಲಿ ಹೆಣ್ಣು ಮೆಚ್ಚುವುದು ಯುವಿ-ಬಿ ಪ್ರತಿಫಲಿಸುವ ಗಂಡನ್ನೇ. ಒಳ್ಳೆಯ ಬಿಸಿಲಲ್ಲಿ, ನಡುವೆ ಗಾಜಿಲ್ಲದೆ ನೋಡಿ. ಮೊಬೈಲ್ ಫೋಟೊದಲ್ಲಂತೂ ಆ ಹೊಳಪು ಮೂಡುವುದಿಲ್ಲ.