ಓದುಗರ ಪ್ರಶ್ನೆ: ಹುಟ್ಟದ ಮಗುವಿಗಾಗಿ ಜಪಸರ ಹಿಡಿದ ಮೇಲೆ ಮುಂದೇನು?

ಪ್ರಶ್ನೆ: ಅಕ್ಕ, ನಮ್ಮ ಧರ್ಮಕೇಂದ್ರದಲ್ಲಿ ಹುಟ್ಟದ ಮಕ್ಕಳಿಗಾಗಿ ತಿಂಗಳಿಗೊಮ್ಮೆ ಜಪಸರ ಹೇಳುತ್ತೇವೆ. ಈ ಸಲ ಯುವಕರು "ಗರ್ಭಪಾತದ ಕಾನೂನು ಬದಲಾಗಬೇಕು, ಮಣಿ ಎಣಿಸಿದರೆ ಏನು ಬಂತು" ಅಂದುಬಿಟ್ಟರು. ಅವರಿಗೆ ಏನು ಹೇಳಲಿ?
– ಸಾಗರದ ಓದುಗರು

ಮೊದಲು ಕಾನೂನಿನ ಮಾತೇ ಆಡೋಣ. ನಮ್ಮ ದೇಶದಲ್ಲಿ ಗರ್ಭಪಾತಕ್ಕೆ ದಾರಿ ಮಾಡಿದ ಕಾಯ್ದೆ ಬಂದದ್ದು 1971ರ ಆಗಸ್ಟ್ 10ರಂದು. 2021ರ ತಿದ್ದುಪಡಿಯಲ್ಲಿ, ಕೆಲವು ವರ್ಗದ ಮಹಿಳೆಯರಿಗೆ ಇದ್ದ ಮಿತಿ 20 ವಾರದಿಂದ 24 ವಾರಕ್ಕೆ ಏರಿತು. ಆಗಸ್ಟ್ 10 ಬಂದಾಗ ಹುಟ್ಟದ ಮಕ್ಕಳಿಗಾಗಿ ಶೋಕಿಸಿ ಪ್ರಾರ್ಥಿಸುವ ಕಥೋಲಿಕರು ಇದ್ದಾರೆ, ಮೆರವಣಿಗೆ ಮಾಡುವವರೂ ಇದ್ದಾರೆ. ನಿಮ್ಮ ಹುಡುಗರು ಹೋಗುವುದಾದರೆ ಹೋಗಲಿ, ಮಳೆಗೆ ಕೊಡೆ ಹಿಡಿದುಕೊಂಡು ನಾವೂ ಜೊತೆಗೆ ಹೋಗೋಣ.

ಆದರೆ ನಮ್ಮ ಕಡೆಯ ಒಬ್ಬ ಹುಡುಗಿ ಕಾಯ್ದೆ ಓದಿಕೊಂಡು ಮಾತ್ರೆ ನುಂಗುತ್ತಾಳಾ? ಹುಡುಗ ಫೋನ್ ಎತ್ತುತ್ತಿಲ್ಲ. ಅಪ್ಪನಿಗೆ ಗೊತ್ತಾದರೆ ಮನೆಯಿಂದ ಹೊರಗೆ ಹಾಕುತ್ತಾನೆ. ಅಥವಾ ಮೂರನೆಯದೂ ಹೆಣ್ಣಾದರೆ ಏನು ಗತಿ ಅಂತ ಅತ್ತೆ ದಿನಾ ಚುಚ್ಚುತ್ತಾಳೆ. ಭ್ರೂಣಲಿಂಗ ಪತ್ತೆ ಮಾಡಬಾರದು ಅಂತ 1994ರಲ್ಲೇ ಕಾಯ್ದೆ ಬಂದಿದೆ, ಆದರೂ 2023ರಲ್ಲಿ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಹೊರಗೆ ಬಂತು, ನೆನಪಿದೆ ಅಲ್ವಾ? ಆ ಭಯ, ಆ ಒತ್ತಡ ಮನೆಯೊಳಗೆ ಹುಟ್ಟುವಂಥದ್ದು. ಅಲ್ಲಿಗೆ ಪೊಲೀಸರು ತಡವಾಗಿ ಬರುತ್ತಾರೆ.

ಪೋಪ್ ಎರಡನೇ ಜಾನ್ ಪೌಲ್ ಅವರು 1995ರ ಮಾರ್ಚ್ 25ರಂದು, ಮಾತೆ ಮರಿಯಳಿಗೆ ದೇವದೂತ ಶುಭಸಂದೇಶ ತಂದ ಹಬ್ಬದ ದಿನವೇ, ಜೀವದ ಬಗ್ಗೆ ಇಡೀ ಧರ್ಮಸಭೆಗೆ ಒಂದು ಪತ್ರ, ಅಂದರೆ ವಿಶ್ವಪತ್ರ, ಬರೆದರು. ಜೀವಕ್ಕಾಗಿ ಇಡೀ ಜಗತ್ತಿನಲ್ಲಿ ದೊಡ್ಡದೊಂದು ಪ್ರಾರ್ಥನೆ ಏಳಬೇಕು ಅಂತ ಅದರ ಕೊನೆಯ ಭಾಗದಲ್ಲಿ ಕೇಳಿಕೊಂಡಿದ್ದಾರೆ. ಕೆಲವು ದುಷ್ಟಶಕ್ತಿಗಳು ಪ್ರಾರ್ಥನೆ, ಉಪವಾಸದಿಂದ ಮಾತ್ರ ತೊಲಗುತ್ತವೆ ಎಂಬ ಯೇಸುವಿನ ಮಾತನ್ನು ಅಲ್ಲೇ ನೆನಪಿಸುತ್ತಾರೆ. ನಾನು ಇದನ್ನು ಪೂರ್ತಿ ನಂಬುತ್ತೇನೆ. ದೇವರು ಕೇಳುತ್ತಾನೆ. ಜೊತೆಗೆ, ಕೇಳುತ್ತಾ ಕೇಳುತ್ತಾ ನಮ್ಮ ಮನಸ್ಸನ್ನೂ ಮೆತ್ತಗೆ ಮಾಡುತ್ತಾನೆ.

ಜಪಸರ ಹೇಳುವಾಗ ಯೇಸು, ಮರಿಯರ ಬದುಕಿನ ಘಟನೆಗಳನ್ನು ಧ್ಯಾನಿಸುತ್ತೇವಲ್ಲ, ಅವುಗಳಲ್ಲಿ ಸಂತೋಷದ ರಹಸ್ಯಗಳು ಎಂಬ ಗುಂಪಿನ ಎರಡನೆಯದನ್ನು ನಿಮ್ಮ ಹುಡುಗರ ಜೊತೆ ಕೂತು ನಿಧಾನಕ್ಕೆ ಓದಿ. ಮರಿಯಳ ಬಂಧು ಎಲಿಜಬೇತಳಿಗೆ ವಯಸ್ಸಾಗಿತ್ತು, ಬಸುರಿಯಾದ ಮೇಲೆ ಐದು ತಿಂಗಳು ಮರೆಯಲ್ಲೇ ಇದ್ದಳು ಅಂತ ತನ್ನ ಶುಭಸಂದೇಶದಲ್ಲಿ ಲೂಕ ಬರೆಯುತ್ತಾನೆ. ಮರಿಯ ಬೆಟ್ಟಸೀಮೆಯಲ್ಲಿದ್ದ ಅವಳ ಊರಿಗೆ ಅವಸರವಾಗಿ ನಡೆದು ಹೋದಳು, ಹೋದವಳು ಸುಮಾರು ಮೂರು ತಿಂಗಳು ಉಳಿದಳು. ನೀರು ಸೇದಿರಬಹುದು, ಅಡುಗೆ ಮಾಡಿರಬಹುದು, ಕಾಲು ಒತ್ತಿರಬಹುದು. ಸೋಮವಾರ, ಶನಿವಾರ ನಾವು ಮಣಿ ಎಣಿಸುತ್ತಾ ಧ್ಯಾನಿಸುವುದು ಇದನ್ನೇ. ಇಷ್ಟು ವರ್ಷ ಇದನ್ನು ಹೇಳಿಯೂ ನಮ್ಮ ಬೀದಿಯ ಬಸುರಿ ಹೆಂಗಸಿನ ಮನೆಗೆ ನಾವು ಹೋಗದಿದ್ದರೆ ಆ ಹುಡುಗರ ಕೋಪ ನ್ಯಾಯವೇ. ಹಾಗಂತ ಜಪಸರ ನಿಲ್ಲಿಸಬೇಡಿ. ಅದು ಮುಗಿದ ಕೂಡಲೇ ಹತ್ತು ನಿಮಿಷ ಕೂತು, ಈ ತಿಂಗಳು ಯಾರ ಮನೆಗೆ ಯಾರು ಹೋಗುವುದು ಅಂತ ಮಾತಾಡಿ.

ಪ್ರಶ್ನೆ: ಅಮೆರಿಕದಲ್ಲಿ ಗರ್ಭಪಾತದ ಕ್ಲಿನಿಕ್ ಮುಂದೆ 40 ದಿನ ನಿಂತು ಪ್ರಾರ್ಥಿಸುತ್ತಾರೆ. ಶಿವಮೊಗ್ಗದಲ್ಲಿ ನಾವೂ ಯಾಕೆ ನಿಲ್ಲಬಾರದು?
– ಭದ್ರಾವತಿಯ ಯುವಕ

ತಮ್ಮ, ನಿನ್ನ ಹುಮ್ಮಸ್ಸು ಇಷ್ಟವಾಯಿತು. ನೀನು ಹೇಳುವ 40 ದಿನಗಳ ಪ್ರಾರ್ಥನೆ 2004ರಲ್ಲಿ ಟೆಕ್ಸಾಸ್‌ನ ಒಂದು ಊರಲ್ಲಿ ಶುರುವಾಯಿತು, 2007ರಲ್ಲಿ ಅಮೆರಿಕದ ತುಂಬ ಹಬ್ಬಿತು. ಅದಕ್ಕೂ ಮೊದಲೇ, 1989ರಲ್ಲಿ, ಬ್ರೂಕ್ಲಿನ್‌ನ ಒಬ್ಬ ಧರ್ಮಗುರು ಜಪಸರ ಹಿಡಿದು ಕ್ಲಿನಿಕ್ ಮುಂದೆ ಶಾಂತವಾಗಿ ನಿಲ್ಲುವ ಪದ್ಧತಿ ಶುರು ಮಾಡಿದ್ದರು. ಕೂಗಾಟ ಇಲ್ಲ, ಜಗಳ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಗ ಹಾಗೆ ನಿಲ್ಲುವುದೂ ಕಷ್ಟ. 2024ರ ಅಕ್ಟೋಬರ್ 31ರಿಂದ ಕ್ಲಿನಿಕ್ಕಿನ ಸುತ್ತ 150 ಮೀಟರ್ ಒಳಗೆ ಗರ್ಭಪಾತಕ್ಕೆ ಬಂದವರ ಮೇಲೆ ಪ್ರಭಾವ ಬೀರುವ ಹಾಗೆ ನಡೆದುಕೊಳ್ಳುವಂತಿಲ್ಲ. ಮನಸ್ಸಿನಲ್ಲೇ ಪ್ರಾರ್ಥಿಸುವುದೂ ಅಪರಾಧವೇ ಎಂಬ ವಾದ ಕೋರ್ಟಿನವರೆಗೆ ಹೋಗಿದೆ. ಬಾಯಿ ತೆರೆಯದೆ ದೇವರನ್ನು ನೆನೆದವನನ್ನು ಪ್ರಶ್ನಿಸುವುದು ಅನ್ಯಾಯ ಅಂತ ನನಗೆ ಅನಿಸುತ್ತದೆ.

ಆದರೆ ನಮ್ಮಲ್ಲಿ ಪರಿಸ್ಥಿತಿಯೇ ಬೇರೆ. ಅಲ್ಲಿ ಅದಕ್ಕಂತಲೇ ಬೇರೆ ಕ್ಲಿನಿಕ್‌ಗಳಿವೆ. ಇಲ್ಲಿ ಹೆರಿಗೆ, ಸ್ಕ್ಯಾನಿಂಗ್, ಗರ್ಭಕೋಶದ ಆಪರೇಷನ್ ಎಲ್ಲಾ ಒಂದೇ ಗೇಟಿನ ಒಳಗೆ. ಒಳಗೆ ಹೋಗುವ ಹೆಂಗಸು ಮಗು ಹೆರಲು ಹೋಗುತ್ತಿದ್ದಾಳೋ, ತಾನಾಗೇ ಗರ್ಭ ಕಳೆದುಕೊಂಡು ಅಳುತ್ತಾ ಹೋಗುತ್ತಿದ್ದಾಳೋ ನಿನಗೆ ಹೇಗೆ ಗೊತ್ತಾಗಬೇಕು? ಹೊಸನಗರದಿಂದ ಬಸ್ಸಿನಲ್ಲಿ ಬಂದು ಇಳಿದ ಅವಳು, ಗೇಟಿನಲ್ಲಿ ಗುಂಪು ನೋಡಿ ಹೆದರಿದರೆ ಯಾರಿಗೆ ಲಾಭ? ನಿನ್ನ 40 ದಿನವನ್ನು ಚರ್ಚಿನಲ್ಲಿ ಪರಮಪ್ರಸಾದದ ಆರಾಧನೆಯಾಗಿ ಇಡು. ದಿನಕ್ಕೊಂದು ಗಂಟೆ ಒಬ್ಬೊಬ್ಬರು ಹಂಚಿಕೊಳ್ಳಿ. ಅಲ್ಲಿ ಮುಖ್ಯವಾಗಿ ಗಂಡಸರಿಗಾಗಿ ಪ್ರಾರ್ಥಿಸಿ. ಜಾನ್ ಪೌಲ್ ಅವರ ಅದೇ ವಿಶ್ವಪತ್ರ ಮಗುವಿನ ಅಪ್ಪನ ಹೊಣೆಯನ್ನೂ ಬಿಡುವುದಿಲ್ಲ. ಒತ್ತಾಯ ಮಾಡಿದವನೂ, ಅವಳನ್ನು ಒಂಟಿ ಬಿಟ್ಟುಹೋದವನೂ ಹೊಣೆಗಾರ ಅನ್ನುತ್ತದೆ. ನಮ್ಮ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಅವನ ಸುದ್ದಿಯೇ ಬರುವುದಿಲ್ಲ. ಇದು ನನಗೆ ಬಹಳ ಬೇಜಾರಿನ ವಿಷಯ.

ಪ್ರಶ್ನೆ: ಮದುವೆಗೆ ಮುಂಚೆ ನನಗೆ ಗರ್ಭಪಾತವಾಗಿದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಚರ್ಚಿನ ಬಲಿಪೂಜೆಯಲ್ಲಿ ಹುಟ್ಟದ ಮಕ್ಕಳಿಗಾಗಿ ಪ್ರಾರ್ಥಿಸುವಾಗ ಎದ್ದು ಹೊರಗೆ ಹೋಗುತ್ತೇನೆ. ನನಗೆ ಪ್ರಾರ್ಥಿಸುವ ಹಕ್ಕಿದೆಯೇ?
– ಹೆಸರು, ಊರು ಬೇಡ

ಇದೆಯಮ್ಮ. ಎಲ್ಲರಿಗಿಂತ ಜಾಸ್ತಿ ನಿಮಗಿದೆ.

ಪಾಪನಿವೇದನೆಗೆ ಹೋಗಿ. ಇದಕ್ಕೆ ಬಿಷಪರನ್ನೇ ಕಾಣಬೇಕಾ ಅಂತ ಹಿಂಜರಿಯಬೇಡಿ. 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲಾ ಧರ್ಮಗುರುಗಳಿಗೂ ಕೊಟ್ಟರು. ಊರಿನ ಫಾದರ್ ಮುಂದೆ ನಾಚಿಕೆಯಾದರೆ ಶಿವಮೊಗ್ಗಕ್ಕೆ ಬನ್ನಿ, ಗುರುತಿಲ್ಲದ ಫಾದರ್ ಹತ್ತಿರ ಹೇಳಿ. ಅವರು ಅದನ್ನು ಯಾರಿಗೂ ಹೇಳುವಂತಿಲ್ಲ.

ನಾನು ಮೇಲೆ ಹೇಳಿದ ಎರಡನೇ ಜಾನ್ ಪೌಲ್ ಅವರ ವಿಶ್ವಪತ್ರದಲ್ಲಿ ನಿಮ್ಮಂಥವರಿಗೆಂದೇ ಬರೆದ ಭಾಗವಿದೆ. ಆಗಿದ್ದು ತಪ್ಪು ಅಂತ ಮರೆಮಾಚದೆ ಹೇಳುತ್ತಾರೆ, ಆದರೆ ನಿಮ್ಮ ಆ ನಿರ್ಧಾರದ ಹಿಂದೆ ಎಷ್ಟೋ ನೋವು, ಒತ್ತಡ ಇದ್ದಿರಬಹುದು ಎಂದೂ ಒಪ್ಪಿಕೊಳ್ಳುತ್ತಾರೆ. ಧೈರ್ಯಗೆಡಬೇಡಿ, ಮಗುವನ್ನು ದೇವರ ಕರುಣೆಗೆ ಒಪ್ಪಿಸಿ ಅನ್ನುತ್ತಾರೆ. ಮುಂದೆ ಜೀವದ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಬಲ್ಲವರು ನೀವೇ ಆಗಬಹುದು ಅಂತಲೂ ಬರೆದಿದ್ದಾರೆ. ಸದ್ಯಕ್ಕೆ ನೀವು ಮಾತಾಡುವುದೇನೂ ಬೇಡ. ಆ ಪ್ರಾರ್ಥನೆ ಬಂದಾಗ ಕೂತಲ್ಲೇ ಕೂತಿರಿ, ಕಣ್ಣೀರು ಬಂದರೆ ಬರಲಿ. ಪ್ರಾರ್ಥನೆ ಬರೆಯುವ ಯುವಕರಿಗೂ ಒಂದು ಮಾತು. "ಕೊಲೆಗಾರರು" ಎಂಬ ಪದ ಅದರಲ್ಲಿ ಬೇಡವೇ ಬೇಡ. ಇಂಥ ಒಬ್ಬ ತಾಯಿ ನಿಮ್ಮ ಹಿಂದಿನ ಬೆಂಚಿನಲ್ಲೇ ಕೂತಿರುತ್ತಾಳೆ.

ಪ್ರಶ್ನೆ: ಅಣ್ಣನ ಮಗಳಿಗೆ 22 ವರ್ಷ. ಮದುವೆಯಾಗಿಲ್ಲ, ಮೂರು ತಿಂಗಳಾಗಿದೆ. ತೆಗೆಸು ಅಂತ ಮನೆಯವರ ಬಲವಂತ, ಅವಳಿಗೆ ಮನಸ್ಸಿಲ್ಲ. ನಮ್ಮ ವಾಟ್ಸಾಪ್ ಪ್ರಾರ್ಥನಾ ಗುಂಪಿಗೆ ಹಾಕಲಾ?
– ತೀರ್ಥಹಳ್ಳಿ

ದಯವಿಟ್ಟು ಹಾಕಬೇಡಿ. ನಮ್ಮ ಮಲೆನಾಡಿನಲ್ಲಿ ಕಥೋಲಿಕರು ಕೈಬೆರಳೆಣಿಕೆಯ ಮನೆಗಳು, ಎಲ್ಲರಿಗೂ ಎಲ್ಲರೂ ಗೊತ್ತು. ಹೆಸರು ಬರೆಯದೆ "ಒಬ್ಬ ಹುಡುಗಿಗಾಗಿ" ಅಂದರೂ ಸಂಜೆಯೊಳಗೆ ಯಾರು ಅಂತ ಪತ್ತೆಯಾಗುತ್ತದೆ. ನಂಬಿಕೆಯ ಒಬ್ಬ ಸಿಸ್ಟರ್‌ಗೆ ಮಾತ್ರ ಹೇಳಿ, ಅದೂ ಹುಡುಗಿಯನ್ನು ಕೇಳಿಕೊಂಡು. ಅವಳಿಗೆ ಇಷ್ಟವಿಲ್ಲದೆ ಯಾರೂ ಗರ್ಭಪಾತ ಮಾಡಿಸುವಂತಿಲ್ಲ. ಪ್ರಾಯಕ್ಕೆ ಬಂದವಳ ಒಪ್ಪಿಗೆ ಬೇಕೇ ಬೇಕು ಅಂತ ಅದೇ 1971ರ ಕಾಯ್ದೆಯಲ್ಲಿದೆ. ಡಾಕ್ಟರ ಮುಂದೆ ಒಂಟಿಯಾಗಿ ಕೂತು ಅದನ್ನು ಹೇಳುವ ಅವಕಾಶ ಅವಳಿಗೆ ಸಿಗಬೇಕು.

ಅತ್ತೆಯಾಗಿ ನೀವು ಅವಳನ್ನು ಹೆರಿಗೆಯವರೆಗೆ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬಲ್ಲಿರಾ? ಆಗುವುದಾದರೆ ಇವತ್ತೇ ಕರೆಯಿರಿ. ಹೆತ್ತ ಮೇಲೆ ಸಾಕಲು ಆಗದಿದ್ದರೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾಯಿಸಲು ಅವಳಿಗೆ 60 ದಿನ ಸಮಯವಿರುತ್ತದೆ, ಆಮೇಲಷ್ಟೇ ದತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಪೊದೆಯಲ್ಲಿ ಬಿಟ್ಟುಹೋಗುವ ಸ್ಥಿತಿ ಯಾವ ತಾಯಿಗೂ ಬರಬೇಕಾಗಿಲ್ಲ.

ಪ್ರಶ್ನೆ: ನನಗೆ 71 ವರ್ಷ, ಸಕ್ಕರೆ ಕಾಯಿಲೆ. ಹುಟ್ಟದ ಮಕ್ಕಳಿಗಾಗಿ ಉಪವಾಸ ಮಾಡಬಹುದೇ?
– ಕೊಪ್ಪದ ಅಜ್ಜಿ

ಬೇಡಜ್ಜಿ, ಹೊತ್ತು ಹೊತ್ತಿಗೆ ಊಟ ಮಾಡಿ, ಮಾತ್ರೆ ತಗೊಳ್ಳಿ. ಒಂದು ಮಗುವನ್ನು ಮನಸ್ಸಿನಲ್ಲೇ ದತ್ತು ತೆಗೆದುಕೊಂಡು ಒಂಬತ್ತು ತಿಂಗಳು ದಿನಾ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳುವ ರೂಢಿ ಎಷ್ಟೋ ಕಥೋಲಿಕರಲ್ಲಿದೆ. ಅದನ್ನು ಮಾಡಿ. ಸಂಜೆಯ ಕಾಫಿ ಬಿಡಲು ಸಾಧ್ಯವಾದರೆ ಬಿಡಿ, ಆ ಹಾಲನ್ನು ಪಕ್ಕದ ಕೂಲಿ ಲೈನಿನ ಬಸುರಿಗೆ ಕಳಿಸಿ.